ಪೇಪರಿನಲ್ಲಿ ಇಲ್ಲದ ತೂತು

"ಎಲ್ಲಿದೆ ತೂತು? ಯಾರಾದ್ರೂ ತೋರಿಸಿ, ನೋಡೋಣ!"

ಕೌನ್ಸಿಲರ್ ಒಂದು ಕೈಯಲ್ಲಿ ಮೈಕ್ ಹಿಡಿದು, ಇನ್ನೊಂದು ಕೈಯಲ್ಲಿ ಪೇಪರ್ ಎತ್ತಿ ಆಡಿಸಿದರು. ಅವರು ಶಾಲೆಗೆ ಬಂದಿದ್ದು ಹೊಸ ನೀರಿನ ಫಿಲ್ಟರ್ ಉದ್ಘಾಟನೆ ಮಾಡಲು. ಆದರೆ ಫಿಲ್ಟರಿನ ಬಗ್ಗೆ ಎರಡೇ ಮಾತಾಡಿ ಮುಗಿಸಿ, ಆಗಿನಿಂದ ಕಾಲುವೆ ಸೇತುವೆಯ ಬಗ್ಗೆಯೇ ಕೊರೆಯುತ್ತಿದ್ದರು.

"ನಿಮ್ಮ ಶಾಲೆ ಹುಡುಗ ಸೇತುವೆ ತೂತಲ್ಲಿ ಬಿದ್ದು ಕೈ ಮುರ್ಕೊಂಡ ಅಂತ ಬರ್ದಿದಾರೆ. ಪಕ್ಕದಲ್ಲೇ ಸೇತುವೆ ಫೋಟೋ ಹಾಕಿದಾರೆ. ಹಾಕಿದ್ದು ನಾನಲ್ಲಪ್ಪ, ಪೇಪರ್‌ನವರೇ! ನೋಡಿ, ಮದುಮಗನ ಥರ ಹೇಗೆ ನಿಂತಿದೆ ಸೇತುವೆ. ಅದರ ಮೇಲೆ ಕುಣಿದಾಡಿದ್ರೆ ಬೀಳ್ದೇ ಇನ್ನೇನಾಗತ್ತೆ? ಕುಣಿಯೋಕೆ ಮೈದಾನ ಇಲ್ವಾ ಮಕ್ಕಳೇ?"

ಮಕ್ಕಳು ಗೊಳ್ಳೆಂದು ನಕ್ಕರು. ಎಲ್ಲರ ತಲೆಗಳೂ ಆರನೇ ತರಗತಿಯ ಸಾಲಿನ ಕೊನೆಗೆ ತಿರುಗಿದವು. ಅಲ್ಲಿ ಲಂಬು ನಿಂತಿದ್ದ. ತರಗತಿಯಲ್ಲಿ ಎಲ್ಲರಿಗಿಂತ ಉದ್ದ ಇರುವವನು, ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡು, ತನ್ನ ಶೂ ನೋಡುತ್ತ ಕುಗ್ಗಿಹೋಗಿದ್ದ.

ಅವನ ಮುಂದೆ ನಿಂತಿದ್ದ ಸಿಡುಕಿಗೆ ಮೈಯೆಲ್ಲ ಉರಿಯಿತು. ಕೋಪ ಸದಾ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಅಜ್ಜಿ ಅವಳಿಗೆ ಇಟ್ಟ ಹೆಸರು ಅದು. ಈಗ ಶಾಲೆಗೆಲ್ಲ ಅದೇ ಹೆಸರು.

ಲಂಬು ಬಿದ್ದಾಗ ಅವನ ಹಿಂದೆಯೇ ಇದ್ದವಳು ಅವಳು. ಅವನು ಕುಣಿಯುತ್ತಿರಲಿಲ್ಲ, ಓಡುತ್ತಲೂ ಇರಲಿಲ್ಲ. ಗಣಿತದ ಟೆಸ್ಟ್ ಬಗ್ಗೆ ಗೊಣಗುತ್ತ ನಡೆಯುತ್ತಿದ್ದ. ಮೊದಲೇ ಒಡೆದಿದ್ದ ಚಪ್ಪಡಿ ಕುಸಿದು ಅವನ ಕಾಲು ತೊಡೆಯವರೆಗೂ ಒಳಗೆ ಹೋಯಿತು. ಕೈ ಕಬ್ಬಿಣದ ಕಂಬಿಗೆ ಬಡಿದು ಮುರಿಯಿತು. ಕೆಳಗೆ ಕಾಲುವೆ ತುಂಬಿ ಹರಿಯುತ್ತಿತ್ತು. ದೊಡ್ಡವರು ಓಡಿ ಬರುವವರೆಗೆ ಸಿಡುಕಿ ಅವನ ಬ್ಯಾಗನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗುತ್ತ ಕೂತಿದ್ದಳು.

'ಸುಳ್ಳು!' ಎಂದು ಈಗ ಕಿರುಚಬೇಕಿತ್ತು. ಆದರೆ ಆ ಮೈಕು, ಆ ಗತ್ತು, ಪಕ್ಕದಲ್ಲಿ ಕಣ್ಣು ಬಿಡುತ್ತ ನಿಂತ ಹೆಡ್ ಮಿಸ್! ನಾಲಿಗೆ ಬಾಯಿಯೊಳಗೇ ಅಂಟಿಕೊಂಡಿತು. ಎಲ್ಲರೂ ಚಪ್ಪಾಳೆ ತಟ್ಟಿದಾಗ ಅವಳ ಕೈಗಳೂ ತಮ್ಮಷ್ಟಕ್ಕೆ ತಟ್ಟಿಬಿಟ್ಟವು.

ಇನ್ನೂ ಕೆಟ್ಟ ವಿಷಯವೆಂದರೆ, ಕೌನ್ಸಿಲರ್ ಕೈಯಲ್ಲಿದ್ದ ಪೇಪರ್ ಅವಳ ಅಪ್ಪ ಕೆಲಸ ಮಾಡುವ ಪೇಪರ್.

ಸಂಜೆ ಗಂಟೆ ಹೊಡೆದದ್ದೇ ತಡ, ಸಿಡುಕಿ ನೇರ ಪೇಪರ್ ಆಫೀಸಿಗೆ ಹೋದಳು. ಸೈಕಲ್ ಅಂಗಡಿಯ ಮಹಡಿಯ ಮೇಲೆ ಎರಡೇ ಕೋಣೆಯ ಆಫೀಸು. ಸುದ್ದಿ, ಫೋಟೋ, ಜಾಹೀರಾತುಗಳನ್ನೆಲ್ಲ ಕಂಪ್ಯೂಟರಿನಲ್ಲಿ ಜೋಡಿಸಿ ಪುಟ ಕಟ್ಟುವುದು ಅಪ್ಪನ ಕೆಲಸ. ಸಿಡುಕಿ ಪೇಪರನ್ನು ಕೀಬೋರ್ಡಿನ ಮೇಲೆ ಕುಕ್ಕಿದಳು.

"ಅಪ್ಪ, ಇದು ಯಾವ ಸೇತುವೆ?"

"ಕಾಲುವೆ ಸೇತುವೆ. ಸ್ವಲ್ಪ ತಡಿ ಪುಟ್ಟಿ, ಕೆಲಸ ಇದೆ."

"ತೂತೆಲ್ಲಿ?"

ಅಪ್ಪ ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಅವರ ಮುಖ ಇಳಿದುಹೋಯಿತು.

"ಅಯ್ಯೋ! ಇದು ಸೇತುವೆ ಕಟ್ಟಿದ ಹೊಸದರಲ್ಲಿ ತೆಗೆದ ಫೋಟೋ. ಅವತ್ತು ಫೋಟೋಗ್ರಾಫರ್ ಇರ್ಲಿಲ್ಲ. ಪಾರ್ಕಲ್ಲಿ ಕೌನ್ಸಿಲರ್ ಕಲ್ಲು ಬೆಂಚು ಉದ್ಘಾಟನೆ ಮಾಡ್ತಿದ್ರು, ಅಲ್ಲಿಗೆ ಕಳ್ಸಿದ್ವಿ. ಪುಟದಲ್ಲಿ ಜಾಗ ಖಾಲಿ ಉಳೀತು. ಕಂಪ್ಯೂಟರಲ್ಲಿ ಇದ್ದಿದ್ದನ್ನ ಹಾಕ್ದೆ. ಕೆಳಗೆ 'ಸಂಗ್ರಹ ಚಿತ್ರ' ಅಂತ ಹಾಕಬೇಕಿತ್ತು. ಹಳೇ ಫೋಟೋ ಹಾಕಿದಾಗೆಲ್ಲ ಹಾಗೆ ಬರೀತೀವಿ. ಅವಸರದಲ್ಲಿ ಬಿಟ್ಟುಹೋಯ್ತು."

"ಬಿಟ್ಟುಹೋಯ್ತಾ? ಅದನ್ನೇ ಹಿಡ್ಕೊಂಡು ಕೌನ್ಸಿಲರ್ ಮೈಕಲ್ಲಿ ಲಂಬೂನ ಸುಳ್ಳ ಮಾಡಿದ್ರು. ಎಲ್ರೂ ನಕ್ರು!"

ಅಪ್ಪ ತಲೆ ಕೆರೆದುಕೊಂಡರು. "ನಾಳೆ ತಿದ್ದುಪಡಿ ಹಾಕ್ತೀವಿ ಬಿಡು. ಸರಿಹೋಗತ್ತೆ."

ಮಾರನೇ ದಿನ ಬೆಳಿಗ್ಗೆ ಸಿಡುಕಿ ಪೇಪರನ್ನು ನೆಲದ ಮೇಲೆ ಹರಡಿದಳು. ಮೊದಲ ಪುಟದಲ್ಲಿ ತಿದ್ದುಪಡಿ ಇಲ್ಲ. ಎರಡನೆಯದರಲ್ಲೂ ಇಲ್ಲ. ಕೊನೆಗೆ ಅಜ್ಜಿಯೇ ತಮ್ಮ ಭೂತಗನ್ನಡಿ ಹಿಡಿದು ಹುಡುಕಲು ಕೂತರು. ಸಿಕ್ಕಿದ್ದು ಕೊನೆಯ ಪುಟದಲ್ಲಿ. ಮೇಲೆ 'ಬೆಕ್ಕು ಕಾಣೆಯಾಗಿದೆ', ಕೆಳಗೆ 'ಹಳೆಯ ಸೋಫಾ ಮಾರಾಟಕ್ಕಿದೆ'. ನಡುವೆ ಇರುವೆ ಸಾಲಿನಂಥ ಅಕ್ಷರಗಳು: 'ಇತ್ತೀಚಿನ ಸಂಚಿಕೆಯಲ್ಲಿ ಪ್ರಕಟವಾದ ಸೇತುವೆಯ ಚಿತ್ರವು ಸಂಗ್ರಹ ಚಿತ್ರವಾಗಿತ್ತು. ಪ್ರಮಾದಕ್ಕೆ ವಿಷಾದಿಸುತ್ತೇವೆ.'

"ಬೆಕ್ಕಿಗಾದ್ರೂ ಫೋಟೋ ಹಾಕಿದಾರೆ," ಎಂದರು ಅಜ್ಜಿ.

ಸಿಡುಕಿ ಹಲ್ಲು ಕಡಿದಳು. ಅಪ್ಪ ಇನ್ನೂ ಮಲಗಿದ್ದರು. ರಾತ್ರಿ ಪುಟ ಕಟ್ಟಿ ತಡವಾಗಿ ಬರುವವರನ್ನು ಎಬ್ಬಿಸಬಾರದೆಂಬುದು ಮನೆಯ ನಿಯಮ. ಅವಳು ಬಾಗಿಲನ್ನು ದಢಾರನೆ ಎಳೆದುಕೊಂಡು ಹೋದಳು. ನಿಯಮದಲ್ಲಿ ಬಾಗಿಲಿನ ವಿಷಯ ಇರಲಿಲ್ಲ.

ಲಂಬು ಅವತ್ತು ಶಾಲೆಗೆ ಬರಲಿಲ್ಲ.

ಅವನ ಮನೆ ಕಾಲುವೆಯ ಆಚೆ. ಶಾಲೆ ಬಿಟ್ಟ ಮೇಲೆ ಸಿಡುಕಿ ಸೇತುವೆಯ ಕಂಬಿ ಹಿಡಿದು, ತೂತಿನ ಅಂಚಿನಲ್ಲಿ ಪಾದ ಓರೆ ಮಾಡಿ ದಾಟಿದಳು. ತೂತಿಗೆ ಯಾರೋ ಒಂದು ಮುರಿದ ಕುರ್ಚಿ ಅಡ್ಡ ಇಟ್ಟಿದ್ದರು. ಇಷ್ಟು ದೊಡ್ಡ ಊರು, ಅದಕ್ಕೊಬ್ಬ ಕೌನ್ಸಿಲರ್, ಅವರಿಗೊಂದು ಕಾರು. ತೂತಿಗೆ ಮಾತ್ರ ಮೂರು ಕಾಲಿನ ಕುರ್ಚಿ!

ಲಂಬು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ.

"ಯಾಕೋ ಬರ್ಲಿಲ್ಲ?"

"ಅಪ್ಪ ಬೈದ್ರು. ಅಪ್ಪನ ಬಸ್ಸಲ್ಲಿ ಎಲ್ರೂ ಕೇಳ್ತಾರಂತೆ, 'ಏನು ಡ್ರೈವರ್ ಸಾಹೇಬ್ರೇ, ಕುಣಿಯೋ ಮಗ ಹೇಗಿದಾನೆ' ಅಂತ." ಲಂಬು ಪ್ಲಾಸ್ಟರಿನ ಅಂಚನ್ನು ಉಗುರಿನಿಂದ ಕೆರೆದ. ಆಮೇಲೆ ಮೆಲ್ಲಗೆ ಕೇಳಿದ, "ಸಿಡುಕಿ, ನಾನು ಸ್ವಲ್ಪ ಕುಣಿದ್ನೇನೋ, ಅಲ್ವಾ? ನಂಗೆ ಸರಿಯಾಗಿ ನೆನಪೇ ಆಗ್ತಿಲ್ಲ."

ಇಷ್ಟು ಹೊತ್ತು ಬಂದಿದ್ದ ಕೋಪವೆಲ್ಲ ಏನೂ ಅಲ್ಲ ಎನ್ನುವಂಥ ಕೋಪ ಸಿಡುಕಿಗೆ ಈಗ ಬಂತು. ಕಾಲು ಸಿಕ್ಕಿಹಾಕಿಕೊಂಡಿದ್ದು ಅವನದು, ಮುರಿದಿದ್ದು ಅವನ ಕೈ. ಈಗ ಅವನ ನೆನಪನ್ನೂ ಕಿತ್ತುಕೊಂಡಿದ್ದರು.

"ನಡೀತಿದ್ದೆ ಕಣೋ! ನಾನು ಹಿಂದೇನೇ ಇದ್ನಲ್ಲ!"

ಲಂಬು ತಿರುಗಿ ಅವಳನ್ನೇ ನೋಡಿದ. "ಹಾಗಾದ್ರೆ ಅಸೆಂಬ್ಲೀಲಿ ಯಾಕೆ ಹೇಳ್ಲಿಲ್ಲ?"

ಸಿಡುಕಿ ಎದ್ದು ಬಂದಳು.

ಆಫೀಸಿನಲ್ಲಿ ಅಪ್ಪ ಮತ್ತೊಂದು ಪುಟ ಕಟ್ಟುತ್ತಿದ್ದರು. ಸಿಡುಕಿ ಈ ಸಲ ಪೇಪರ್ ಕುಕ್ಕಲಿಲ್ಲ. "ಅಪ್ಪ, ಆ ಸೇತುವೆ ಮೇಲೆ ನೀನು ಯಾವಾಗ ನಡೆದಿದ್ದು?" ಎಂದಷ್ಟೇ ಕೇಳಿದಳು.

ಅಪ್ಪ ಯೋಚಿಸಿದರು. ಅವರು ಹೋಗಿ ಬರುವುದು ಸ್ಕೂಟರಿನಲ್ಲಿ, ದೊಡ್ಡ ರಸ್ತೆಯಲ್ಲಿ. "ತುಂಬಾ ದಿನ ಆಯ್ತು," ಎಂದರು.

"ನೋಡದೇನೇ ಅದರ ಪುಟ ಕಟ್ಟಿದ್ಯಾ? ಏಳು, ಈಗ್ಲೇ ಹೋಗೋಣ."

ಏನನಿಸಿತೋ, ಅಪ್ಪ ಎದ್ದರು.

ಸೇತುವೆಯ ಮೇಲೆ ಎದುರಿನಿಂದ ಸೈಕಲ್ ತಳ್ಳಿಕೊಂಡು ಒಬ್ಬರು ಬಂದರು. ಅವರಿಗೆ ದಾರಿ ಬಿಡಲು ಅಪ್ಪ ಒಂದು ಹೆಜ್ಜೆ ಪಕ್ಕಕ್ಕೆ ಇಟ್ಟರು. ಅಷ್ಟೇ. ಕುರ್ಚಿ ಉರುಳಿತು, ಅಪ್ಪನ ಬಲಗಾಲು ತೂತಿಗೆ ಇಳಿಯಿತು. ಸಿಡುಕಿ ಅಂಗಿ ಹಿಡಿದು ಜಗ್ಗಿದಳು. ಅಪ್ಪ ಕಂಬಿಗೆ ಜೋತುಬಿದ್ದು ಹೇಗೋ ಕಾಲು ಎಳೆದುಕೊಂಡರು. ಚಪ್ಪಲಿ ಮಾತ್ರ ಕೆಳಗೆ ಬಿದ್ದು ಕಾಲುವೆಯಲ್ಲಿ ತೇಲಿಹೋಯಿತು.

"ಅಯ್ಯಯ್ಯೋ, ಹೊಸ ಚಪ್ಪಲಿ!"

ಬೇರೆ ದಿನವಾಗಿದ್ದರೆ ಸಿಡುಕಿ ಬಿದ್ದು ಬಿದ್ದು ನಗುತ್ತಿದ್ದಳು. ಇವತ್ತು ಹಿಡಿದಿದ್ದ ಅಂಗಿಯನ್ನು ಬಿಡಲೇ ಇಲ್ಲ.

"ನೀನೂ ಕುಣೀತಿದ್ಯಾ ಅಪ್ಪ?" ಎಂದು ಕೇಳಿದಳು. ಕೇಳುವಾಗ ಅಳು ಬಂದುಬಿಟ್ಟಿತು.

ಯೂನಿಫಾರ್ಮ್ ಹಾಕಿದ್ದ ಇಬ್ಬರು ಪುಟಾಣಿಗಳು ಕಂಬಿ ಹಿಡಿದು ದಾಟಲು ಕಾಯುತ್ತಿದ್ದರು. ಅಪ್ಪ ಇಬ್ಬರನ್ನೂ ಕೈಹಿಡಿದು ದಾಟಿಸಿದರು. ಆಮೇಲೆ ಮೊಣಕಾಲೂರಿ ಕೂತು, ಮೊಬೈಲಿನಲ್ಲಿ ತೂತಿನ ಫೋಟೋ ತೆಗೆದರು. ಕೆಳಗೆ ಹರಿಯುವ ನೀರು ಕಾಣುವಂತೆ ಇನ್ನೊಂದು ತೆಗೆದರು.

ಪೇಪರಿನ ಸಂಪಾದಕಿ ಮೇಡಂ ಕೋಣೆಯ ಬಾಗಿಲು ತೆರೆದೇ ಇತ್ತು. ಸಿಡುಕಿ ಹೊರಗೆ ಸ್ಟೂಲಿನ ಮೇಲೆ ಕೂತು ಎಲ್ಲ ಕೇಳಿಸಿಕೊಂಡಳು.

"ತಿದ್ದುಪಡಿ ಹಾಕಿ ಆಯ್ತಲ್ಲ," ಎಂದರು ಮೇಡಂ. "ಮತ್ತೆ ಮೊದಲ ಪುಟದಲ್ಲಿ ಯಾಕೆ? ನಮ್ಮ ಮಾನ ನಾವೇ ಹರಾಜು ಹಾಕ್ಕೊಳ್ಳೋದಾ? ಈ ವಾರ ಕೌನ್ಸಿಲರ್ ಹುಟ್ಟುಹಬ್ಬದ ಜಾಹೀರಾತು ಬೇರೆ ಇದೆ."

"ತಪ್ಪನ್ನ ಮೊದಲ ಪುಟದಲ್ಲಿ ಇಷ್ಟಗಲ ಮಾಡಿದೀವಿ ಮೇಡಂ. ತಿದ್ದಿದ್ದು ಕಾಣೆಯಾದ ಬೆಕ್ಕಿನ ಕೆಳಗೆ." ಅಪ್ಪನ ದನಿ ಇಷ್ಟು ಗಟ್ಟಿಯಾಗಿದ್ದನ್ನು ಸಿಡುಕಿ ಯಾವತ್ತೂ ಕೇಳಿರಲಿಲ್ಲ. "ಆ ಪುಟ ಕಟ್ಟಿದ್ದು ನಾನು. ತಪ್ಪು ನಂದೇ ಅಂತ ಬರೀರಿ. ಆದ್ರೆ ಅದೇ ಜಾಗದಲ್ಲಿ, ಅಷ್ಟೇ ಅಗಲ ಹಾಕೋಣ. ಅದರಿಂದ ಒಂದು ಮಗು ಸುಳ್ಳ ಅನ್ನಿಸ್ಕೊಳ್ತಿದೆ."

ಮೇಡಂ ಅಪ್ಪನ ಪಾದ ನೋಡಿದರು. "ನಿಮ್ಮ ಇನ್ನೊಂದು ಚಪ್ಪಲಿ ಎಲ್ಲಿ?"

"ಆ ತೂತಲ್ಲಿ ಹೋಯ್ತು."

ಮೇಡಂ ಮೇಜಿನ ಮೇಲಿದ್ದ ಜಾಹೀರಾತಿನ ಹಾಳೆಯನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ಫೋನ್ ಎತ್ತಿಕೊಂಡು, "ಜಾಹೀರಾತು ಹೋದ್ರೆ ಹೋಗ್ಲಿ. ಆ ಬೀದಿಯವರು ರಿಪೇರಿಗೆ ಅಂತ ಎಷ್ಟು ಸಲ ದೂರು ಕೊಟ್ಟಿದಾರೆ ಕೇಳ್ತೀನಿ. ನೀವು ಮೊದಲ ಪುಟ ಬಿಚ್ಚಿ ಮತ್ತೆ ಕಟ್ಟಿ," ಎಂದು ಗದರಿದರು.

ಮರುದಿನ ಅಸೆಂಬ್ಲಿಯಲ್ಲಿ ಸುದ್ದಿ ಓದುವ ಸರದಿ ಐದನೇ ತರಗತಿಯ ಒಬ್ಬ ಹುಡುಗನದು. ಮೈಕ್ ಕಂಡರೆ ನಡುಗುವ ಅವನು, ಸಿಡುಕಿ ಕೇಳಿದ ಕೂಡಲೇ ತನ್ನ ಸರದಿ ಬಿಟ್ಟುಕೊಟ್ಟ. ಸಿಡುಕಿ ಪೇಪರ್ ಬಿಡಿಸಿದಳು. ಮೊದಲ ಪುಟದಲ್ಲಿ ಅಕ್ಕಪಕ್ಕ ಎರಡು ಫೋಟೋ. ಒಂದು ಅಂದಿನದು, ಇನ್ನೊಂದು ಇಂದಿನದು.

"ಮೊನ್ನೆ ನಮ್ಮ ಪತ್ರಿಕೆ ತಪ್ಪಾಗಿ ಹಳೆಯ ಚಿತ್ರ ಪ್ರಕಟಿಸಿತ್ತು," ಎಂದು ಅವಳು ಓದಿದಳು. "ಸೇತುವೆಯ ಇಂದಿನ ಸ್ಥಿತಿ ಇದು. ದುರಸ್ತಿಗಾಗಿ ನಿವಾಸಿಗಳು ಹಲವು ಬಾರಿ ದೂರು ನೀಡಿದ್ದಾರೆ. ಈ ಬಗ್ಗೆ ಕೇಳಿದಾಗ ಕೌನ್ಸಿಲರ್, ಪರಿಶೀಲಿಸುತ್ತೇನೆ ಎಂದರು."

ಪೇಪರ್ ಮಡಚಿದಳು. ಆದರೆ ಮೈಕ್ ಬಿಡಲಿಲ್ಲ. ಸಾಲಿನ ಕೊನೆಯಲ್ಲಿ ಲಂಬು ಕಂಡ. ಬೆಳಿಗ್ಗೆ ಮನೆಗೆ ಹೋಗಿ ಅವಳೇ ಅವನನ್ನು ಎಳೆದುಕೊಂಡು ಬಂದಿದ್ದಳು.

"ಇನ್ನೊಂದು ಸುದ್ದಿ. ಇದು ಪೇಪರಲ್ಲಿಲ್ಲ. ಲಂಬು ಬಿದ್ದಾಗ ನಾನು ಹಿಂದೇನೇ ಇದ್ದೆ. ಅವನು ಕುಣೀತಿರ್ಲಿಲ್ಲ, ನಡೀತಿದ್ದ. ಮೊನ್ನೆ ಕೌನ್ಸಿಲರ್ ಇದೇ ಮೈಕಲ್ಲಿ ಸುಳ್ಳು ಹೇಳ್ದಾಗ ನಾನು ಸುಮ್ನಿದ್ದೆ. ಚಪ್ಪಾಳೇನೂ ತಟ್ಟಿದೆ."

ಯಾರೂ ನಗಲಿಲ್ಲ. ಸಿಡುಕಿ ಇಳಿದು ಬಂದು ತನ್ನ ಜಾಗದಲ್ಲಿ ನಿಂತಳು. ಬೆನ್ನ ಹಿಂದೆ ಲಂಬು ಮೂಗು ಒರೆಸಿಕೊಳ್ಳುವುದು ಕೇಳಿಸಿತು. ಅವಳು ತಿರುಗಿ ನೋಡಲಿಲ್ಲ.

ವಾರದೊಳಗೆ ಕೆಲಸದವರು ಬಂದು ತೂತಿನ ಮೇಲೆ ದಪ್ಪನೆಯ ಕಬ್ಬಿಣದ ಹಲಗೆ ಹಾಕಿ ಬೋಲ್ಟ್ ಬಿಗಿದರು. ಪಕ್ಕದಲ್ಲೇ ಒಂದು ಬೋರ್ಡ್ ನಿಲ್ಲಿಸಿದರು. ಅದರಲ್ಲಿ ಕೌನ್ಸಿಲರ್ ಕೈಮುಗಿದು ನಗುತ್ತಿದ್ದರು. 'ನಿಮ್ಮ ಸುರಕ್ಷತೆಯೇ ನಮ್ಮ ಗುರಿ' ಎಂದು ಬರೆದಿತ್ತು. ಲಂಬುವಿಗೆ ಮಾತ್ರ ಅವರು ಒಂದು ಮಾತೂ ಹೇಳಲಿಲ್ಲ. ತಪ್ಪಾಯಿತು ಎನ್ನಲು ಮೈಕ್ ಬೇಕಾಗಿರಲಿಲ್ಲ, ಬಾಯಿ ಇದ್ದರೆ ಸಾಕಿತ್ತು.

"ತೂತಿಗಿಂತ ಮುಖಾನೇ ದೊಡ್ಡದು ಹಾಕ್ಕೊಂಡಿದಾರೆ," ಎಂದು ಸಿಡುಕಿ ಕುದಿದಳು.

ಲಂಬು ಹಲಗೆಯ ಹತ್ತಿರ ನಿಂತ. ಒಂದು ಕಾಲು ಇಟ್ಟು ಒತ್ತಿ ನೋಡಿದ. ಎರಡನೆಯದನ್ನೂ ಇಟ್ಟ. ಆಮೇಲೆ ಬ್ಯಾಗನ್ನು ಸಿಡುಕಿಯ ಕೈಗೆ ಕೊಟ್ಟು, ಪ್ಲಾಸ್ಟರ್ ಕೈ ಎದೆಗೆ ಒತ್ತಿಕೊಂಡು ಕುಣಿಯತೊಡಗಿದ. ಉದ್ದನೆಯ ಕಾಲುಗಳು ಒಂದಕ್ಕೊಂದು ಸಂಬಂಧವೇ ಇಲ್ಲದಂತೆ ಎಲ್ಲೆಲ್ಲೋ ಹೋಗುತ್ತಿದ್ದವು. ಹಲಗೆ ಢಣಢಣ ಎಂದು ಕಾಲುವೆಯ ಉದ್ದಕ್ಕೂ ಮೊಳಗಿತು. ದಾರಿಯಲ್ಲಿ ಹೋಗುತ್ತಿದ್ದವರು ನಿಂತು ನೋಡಿದರು.

ಕೊನೆಗೆ ಏದುಸಿರು ಬಿಡುತ್ತ ಅವನು ನಿಂತ.

"ನೋಡ್ಕೊಂಡ್ಯಾ? ಇದು ಕುಣಿಯೋದು," ಎಂದ. "ಅವತ್ತು ನಡೀತಿದ್ದೆ."

"ಗೊತ್ತು!" ಎಂದಳು ಸಿಡುಕಿ, ಬೋರ್ಡಿನ ಮೇಲಿದ್ದವರಿಗೂ ಕೇಳಿಸುವಷ್ಟು ಜೋರಾಗಿ.