ಮಿನುಗದ ಕಾರ್ಡು

“ಗ್ಲೆನಿಟಾ, ಎಂತದು ವಾಸನೆ? ಪ್ಲಾಸ್ಟಿಕ್ ಸುಟ್ಟ ಹಾಗೆ ಉಂಟಲ್ಲ!” ಅಡುಗೆಮನೆಯಿಂದ ರೊಸಾಲಿನ್ ಮಾವ್ಶಿ ಕೂಗಿದರು.

ಗ್ಲೆನಿಟಾ ಪ್ರಿಂಟರಿನ ಮುಂದೆ ಗರಬಡಿದವಳಂತೆ ನಿಂತಿದ್ದಳು. ಒಳಗೆ ಹೋದ ಹಾಳೆ ಹೊರಗೆ ಬಂದಿರಲಿಲ್ಲ. ಕೆಂಪು ದೀಪ ಮಿಣಮಿಣ ಎನ್ನುತ್ತಿತ್ತು. ಉಳಿದ ಹಾಳೆಗಳನ್ನು ಅವಳು ಗಬಕ್ಕನೆ ಶಾಲೆಯ ಬ್ಯಾಗಿಗೆ ತುರುಕಿದಳು.

“ಗೊತ್ತಿಲ್ಲ ಮಾವ್ಶಿ. ಅದಾಗಿಯೇ ನಿಂತಿತು.”

ಗೊತ್ತಿಲ್ಲದೆ ಏನು? ಭಾನುವಾರ ಚರ್ಚಿನಲ್ಲಿ ಅವಳ ಫಸ್ಟ್ ಕಮ್ಯುನಿಯನ್, ಮೊದಲ ಸಲ ಪರಮಪ್ರಸಾದ ಪಡೆಯುವ ದಿನ. ಬಂದವರಿಗೆ ಕೊಡಲು ಹೆಸರು, ತಾರೀಕು ಇರುವ ಪುಟ್ಟ ಕಾರ್ಡು ಬೇಕಿತ್ತು. ಮಾವ್ಶಿ ಎಂದರೆ ಅಮ್ಮನ ತಂಗಿ. ಕುದ್ರೋಳಿಯ ಮನೆಯಲ್ಲೇ ಊರವರಿಗೆಲ್ಲ ಪ್ರಿಂಟ್ ತೆಗೆದು ಕೊಡುವವರು. ದಪ್ಪ ಬಿಳಿ ಹಾಳೆ ತೆಗೆದಿಟ್ಟು ಸಾರಿ ಸಾರಿ ಹೇಳಿದ್ದರು: “ಇದನ್ನೇ ಹಾಕು. ನಮ್ಮದು ಲೇಸರ್ ಪ್ರಿಂಟರ್, ಒಳಗೆ ಭಾರೀ ಬಿಸಿ ಉಂಟು. ಫೋಟೋ ಪೇಪರ್ ಹಾಕಿದರೆ ಕರಗ್ತದೆ.”

ಆದರೆ ಕಳೆದ ವರ್ಷ ಪಕ್ಕದ ಮನೆಯ ಡೆರಿಲ್‌ನ ಕಾರ್ಡು ಹೇಗೆ ಮಿನುಗಿತ್ತು! ತನ್ನದೂ ಮಿನುಗಬೇಕೆಂದು ಗ್ಲೆನಿಟಾ ಅಂಗಡಿಯಿಂದ ಫೋಟೋ ಪೇಪರ್ ತಂದು, ಮಾವ್ಶಿಯ ಕಣ್ಣು ತಪ್ಪಿಸಿ ಹಾಕಿದ್ದಳು.

ಅಷ್ಟರಲ್ಲಿ ಬಂದರಿನ ಬಾಸಿತ್ ಅಂಕಲ್ ಅರ್ಜೆಂಟ್ ಪ್ರಿಂಟಿಗೆ ಬಂದರು. ಮಾವ್ಶಿ ಕೈಮುಗಿದು ಅವರನ್ನು ಬೇರೆ ಅಂಗಡಿಗೆ ಕಳಿಸಿದರು. ಗ್ಲೆನಿಟಾಳಿಗೆ ಕಸಿವಿಸಿಯಾಯಿತು. ನಾಳೆ ಮೊದಲ ಕನ್ಫೆಶನ್ ಬೇರೆ. “ಫಾದರಿಗೆ ಹೇಳಲು ನನ್ನ ಹತ್ತಿರ ಪಾಪವೇ ಇಲ್ಲ,” ಎಂದು ಬೆಳಿಗ್ಗೆಯಷ್ಟೇ ಜಂಬ ಕೊಚ್ಚಿದ್ದಳು. “ಇನ್ನೂ ಒಂದು ದಿನ ಉಂಟಲ್ಲ ಮಾರಾಯ್ತಿ,” ಎಂದು ಮಾವ್ಶಿ ನಕ್ಕಿದ್ದರು.

ಸಂಜೆ ರಿಪೇರಿಯ ತಾರಾನಾಥಣ್ಣ ಬಂದು ಮೆಷಿನ್ ಬಿಚ್ಚಿದರು. ಚಿಮಟದಿಂದ ಮುದುಡಿದ ಚೂರೊಂದನ್ನು ಎಳೆದರು.

“ನೋಡಿ, ಫೋಟೋ ಪೇಪರ್! ಇದು ಇಂಕ್ ಪ್ರಿಂಟರಿನದ್ದು. ಕರಗಿ ರೋಲರಿಗೆ ಅಂಟಿದೆ. ಯಾರು ಹಾಕಿದ್ದು?”

ಚೂರಿನ ಮೇಲೆ ‘ಗ್ಲೆನಿ’ ಎಂಬಷ್ಟು ಉಳಿದಿತ್ತು. ಮಾವ್ಶಿ ಅದನ್ನು ನೋಡಿದರು, ಗ್ಲೆನಿಟಾಳನ್ನೂ ನೋಡಿದರು. ಚೂರನ್ನು ಮೆಲ್ಲಗೆ ಅಂಗೈಯೊಳಗೆ ಮುಚ್ಚಿಕೊಂಡರು.

“ನಾನೇ ಮಾರಾಯ್ರೆ. ಗಡಿಬಿಡಿಯಲ್ಲಿ ನೋಡ್ಲಿಲ್ಲ.”

ತಾರಾನಾಥಣ್ಣ ಗಹಗಹಿಸಿ ನಕ್ಕರು. “ಹತ್ತು ವರ್ಷದಿಂದ ಇದೇ ಕೆಲಸ ಮಾಡ್ತೀರಿ. ಪೇಪರಿನ ಗುರುತು ಸಿಗ್ಲಿಲ್ವಾ ಮೇಡಂ?”

ಮಾವ್ಶಿಯೂ ನಗಲು ನೋಡಿದರು. ಆದರೆ ಅವರ ಮುಖ ಸಣ್ಣದಾಯಿತು. ಗ್ಲೆನಿಟಾಳಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಎರಡು ಪೆಟ್ಟು ಕೊಟ್ಟಿದ್ದರೂ ಇದಕ್ಕಿಂತ ವಾಸಿಯಿತ್ತು.

“ಅಂಕಲ್, ಮಾವ್ಶಿ ಅಲ್ಲ,” ಎಂದಳು. “ನಾನು. ಬೇಡ ಅಂತ ಹೇಳಿದ್ರೂ ಹಾಕಿದೆ. ಸುಳ್ಳೂ ಹೇಳಿದೆ.”

ಬ್ಯಾಗಿನಲ್ಲಿದ್ದ ಹಾಳೆಗಳನ್ನು ತೆಗೆದು ಮೇಜಿನ ಮೇಲಿಟ್ಟಳು. ಯಾರೂ ನಗಲಿಲ್ಲ.

ಹೊಸ ರೋಲರ್ ಕೂರಿಸಿದ ಮೇಲೆ ಮಾವ್ಶಿ ದಪ್ಪ ಬಿಳಿ ಹಾಳೆಯನ್ನು ಅವಳ ಕೈಗೇ ಕೊಟ್ಟರು. “ನೀನೇ ಹಾಕು. ಅಂಚು ಸರಿ ಮಾಡಿ ಹಾಕು.”

ಹಾಳೆ ಬೆಚ್ಚಗೆ ಹೊರಬಂತು. ಮಿನುಗಲಿಲ್ಲ. ಹೆಸರು ಮಾತ್ರ ಪೂರ್ತಿ ಇತ್ತು. ಗ್ಲೆನಿಟಾ ಜೋಪಾನವಾಗಿ ಕತ್ತರಿಸಿ, ಮೊದಲನೆಯ ಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದು ಮಾವ್ಶಿಗೆ ಕೊಟ್ಟಳು.