ಬೆಳ್ಳಿ ಕಾರಿನ ಹೊಳೆಮಣ್ಣು

“ಮೇಘಾ, ಗಾಜು ಒಡೆದು ಹಾಕೀಯ ಕಣೇ!”

ಅಪ್ಪ ಕೂಗಿದರೂ ಮೇಘಶ್ರೀ ಕೇಳಲಿಲ್ಲ. ಬೆಳ್ಳಿ ಬಣ್ಣದ ಕಾರಿನ ಹಿಂದಿನ ಸೀಟಿನಲ್ಲಿ ಕುಳಿತು ಗುಂಡಿ ಒತ್ತುತ್ತ ಗಾಜು ಏರಿಸುತ್ತಿದ್ದಳು, ಇಳಿಸುತ್ತಿದ್ದಳು. ಹೊನ್ನಾಳಿಯ ಸೆಕೆಂಡ್ ಹ್ಯಾಂಡ್ ಕಾರುಗಳ ಅಂಗಡಿಯಲ್ಲಿ ಇದೇ ಎಲ್ಲಕ್ಕಿಂತ ಚೆಂದದ ಕಾರು. ಏಳು ವರ್ಷ ಓಡಿದ್ದರೂ ಫಳಫಳ ಹೊಳೆಯುತ್ತಿತ್ತು. ಎ.ಸಿ. ಬೇರೆ!

ಪಕ್ಕದಲ್ಲಿ ನಿಂತಿದ್ದ ಅವರ ಅಂಬಾಸಿಡರ್‌ಗೆ ಅಪ್ಪನಷ್ಟೇ ವಯಸ್ಸು. ಅದು ಶಾಲೆಯ ಗೇಟಿನ ಮುಂದೆ ಕೆಮ್ಮಿ ನಿಂತರೆ ಇಡೀ ಐದನೇ ಕ್ಲಾಸು ತಳ್ಳಲು ಓಡಿಬರುತ್ತಿತ್ತು. ಆಗೆಲ್ಲ ಮೇಘಾಳಿಗೆ ಎಲ್ಲಾದರೂ ಬಚ್ಚಿಟ್ಟುಕೊಳ್ಳೋಣ ಅನಿಸುತ್ತಿತ್ತು.

“ನಿಮ್ದು ಗಟ್ಟಿ ಗಾಡಿ ಸಾರ್, ಆರು ಜನ ಆರಾಮ್ ಕೂರ್ತಾರೆ. ಇಲ್ಲ ಅನ್ನಲ್ಲ,” ಎಂದ ಅಂಗಡಿಯ ಕೊಟ್ರೇಶ್. “ಆದ್ರೆ ಇದನ್ನ ಓಡಿಸಿ ನೋಡಿದ್ರಲ್ಲ, ಸ್ಟೇರಿಂಗ್ ಬೆಣ್ಣೆ ಇದ್ದಂಗೈತೆ!”

“ಹೂಂ, ಬದ್ಲಿ ಮಾಡ್ಕಂಡೇ ಬಿಡಾನ,” ಎಂದ ಅಪ್ಪ ಅಂಬಾಸಿಡರ್‌ ಕೀ ಹೊರತೆಗೆದ.

ಖುಷಿಗೆ ಮೇಘಾ ಸೀಟಿನ ಮೇಲೇ ಕುಣಿದಳು. ಕೂದಲ ಕ್ಲಿಪ್ಪು ಜಾರಿ ಮುಂದಿನ ಸೀಟಿನ ಕೆಳಗೆ ಬಿತ್ತು. ಬಗ್ಗಿ ತಡಕಿದಾಗ ನೆಲಹಾಸಿನ ಅಂಚು ಮೇಲೆದ್ದಿತು. ಬೆರಳಿಗೆ ಬೂದುಬಣ್ಣದ ಮಣ್ಣು ಅಂಟಿತು. ಹಿಟ್ಟಿನಷ್ಟು ನುಣ್ಣಗಿತ್ತು.

ಈ ಮಣ್ಣು ಮೇಘಾಳಿಗೆ ಚೆನ್ನಾಗಿ ಗೊತ್ತು. ಒಂದು ಮಳೆಗಾಲ ಹೊಳೆ ಉಕ್ಕಿ ಅವರ ಬೀದಿಗೇ ನುಗ್ಗಿತ್ತು. ನೀರಿಳಿದ ಮೇಲೆ ಅವಳೂ ಅಮ್ಮನೂ ವಾರಗಟ್ಟಲೆ ಬೀರುವಿನ ಅಡಿಯಿಂದ ಬಳಿದು ತೆಗೆದದ್ದು ಇದನ್ನೇ. ಆಗ ನೆನೆದ ಟೀವಿ, ಮಿಕ್ಸಿ ಎರಡೂ ಮತ್ತೆ ಸರಿಯಾಗಲಿಲ್ಲ. ಅಂದರೆ ಈ ಕಾರೂ ಹೊಳೆನೀರಲ್ಲಿ ಮುಳುಗಿತ್ತೇ?

ಹೇಳಿದರೆ ಕಾರು ಕೈತಪ್ಪುತ್ತದೆ. ಹೇಳದಿದ್ದರೆ? ಯಾರೂ ನೋಡಿಲ್ಲ. ಅವಳು ಹಾಸನ್ನು ಮೊದಲಿನಂತೆ ಒತ್ತಿಟ್ಟಳು.

ಅತ್ತ ಕೀ ಕೊಟ್ರೇಶನ ಕೈ ಸೇರಿತು.

“ಅಪ್ಪಾ!” ಮೇಘಾ ಕೂಗಿದಳು. “ಇಲ್ಲಿ ಹೊಳೆಮಣ್ಣು ಐತೆ.”

ಅಪ್ಪ ಬಂದು ಹಾಸು ಎತ್ತಿ, ಮಣ್ಣನ್ನು ಬೆರಳಲ್ಲಿ ತಿಕ್ಕಿ ನೋಡಿದ. “ನೀರು ಹೊಕ್ಕ ಗಾಡಿ ಇದು. ಒಳಗೊಳಗೇ ತುಕ್ಕು ಹಿಡೀತೈತೆ. ನಡುದಾರೀಲಿ ಬ್ರೇಕ್ ಕೈಕೊಟ್ರೆ ಹೆಂಗೆ?”

“ಅದು ಧೂಳು ಸಾರ್! ಹುಡುಗಿ ಮಾತು ಕೇಳ್ತೀರಲ್ಲ,” ಎಂದು ಕೊಟ್ರೇಶ್ ಮೇಘಾಳನ್ನು ದುರುಗುಟ್ಟಿ ನೋಡಿದ.

“ಕೀ ಕೊಡ್ರಿ ಇತ್ಲಾಗೆ,” ಎಂದ ಅಪ್ಪ.

ಅಂಬಾಸಿಡರ್ ಹತ್ತಿದ ಮೇಲೆ ಮೇಘಾಳಿಗೆ ಅಳು ತಡೆಯಲಾಗಲಿಲ್ಲ. ಅಪ್ಪ ತಲೆ ಸವರಿ ಗಾಡಿ ಚಾಲೂ ಮಾಡಿದ.

ಅಷ್ಟರಲ್ಲಿ ಗೇಟಿನ ಹತ್ತಿರ ಆಟೋ ನಿಂತಿತು. ಹೆಂಗಸೊಬ್ಬಳು ಎರಡು ಸಣ್ಣ ಮಕ್ಕಳೊಂದಿಗೆ ಇಳಿದಳು. ಕೊಟ್ರೇಶ್ ನಗುನಗುತ್ತ ಅವರನ್ನು ಅದೇ ಬೆಳ್ಳಿ ಕಾರಿನ ಕಡೆ ಕರೆದೊಯ್ದ. ಮಕ್ಕಳು ಆಗಲೇ ಒಳಗೆ ನುಗ್ಗಿ ಕೇಕೆ ಹಾಕುತ್ತಿದ್ದವು.

“ಅಪ್ಪಾ, ನಿಲ್ಸು.”

“ಯಾಕೆ?”

ಕೊಟ್ರೇಶನ ಕಣ್ಣು ನೆನೆದರೆ ಮೇಘಾಳಿಗೆ ಹೆದರಿಕೆಯಾಗುತ್ತಿತ್ತು. ಆದರೂ ಮುಖ ಒರೆಸಿಕೊಂಡು ಇಳಿದು, ನೇರವಾಗಿ ಆ ಹೆಂಗಸಿನ ಬಳಿಗೆ ನಡೆದಳು.

“ಆಂಟಿ,” ಎಂದಳು, “ಸೀಟಿನ ಕೆಳಗೆ ಹಾಸು ಎತ್ತಿ ನೋಡ್ರಿ.”