ವಿಳಾಸವಿಲ್ಲದ ಚುಕ್ಕಿ

ದೆವ್ವ ಗಿವ್ವ ನಂಬುವವನಲ್ಲ ನಾನು. ಸುದ್ದಿತಾಣವೊಂದಕ್ಕೆ ನಕ್ಷೆ ಮಾಡಿಕೊಡುವುದು ನನ್ನ ಕೆಲಸ.

ಕಡಲಲ್ಲಿ ಪ್ರಯಾಣಿಕರ ದೋಣಿಯೊಂದು ಮುಳುಗಿದ ವಾರ, ಸತ್ತ ಒಬ್ಬೊಬ್ಬರ ಮನೆಯ ಮೇಲೂ ಒಂದು ಕಪ್ಪು ಚುಕ್ಕಿ ಇಟ್ಟು ನಕ್ಷೆ ಮಾಡಿದ್ದೆ. ಚುಕ್ಕಿ ಒತ್ತಿದರೆ ಅವರ ಮುಖ, ಹೆಸರು ತೆರೆದುಕೊಳ್ಳುತ್ತಿದ್ದವು. ಒಬ್ಬ ಮುದುಕಿಯ ಗುರುತು ಮಾತ್ರ ಯಾರಿಗೂ ಸಿಕ್ಕಿರಲಿಲ್ಲ. ವಿಳಾಸದ ಜಾಗ ಖಾಲಿ ಬಿಟ್ಟರೆ ನಕ್ಷೆ ಆ ಚುಕ್ಕಿಯನ್ನು ಸೊನ್ನೆ ಅಕ್ಷಾಂಶ, ಸೊನ್ನೆ ರೇಖಾಂಶಕ್ಕೆ, ಅಂದರೆ ನಡುಸಮುದ್ರಕ್ಕೆ ಎಸೆಯುತ್ತದೆ.

"ಅಯ್ಯೋ, ಮತ್ತೆ ನೀರಿಗೇ ಹಾಕಿದ್ರಲ್ರೀ ಅವರನ್ನ!" ಎಂದರು ಸಂಪಾದಕಿ.

ಸದ್ಯಕ್ಕಿರಲಿ ಎಂದು ನನ್ನ ಮನೆಯ ವಿಳಾಸವನ್ನೇ ತುಂಬಿದೆ. ಪರೀಕ್ಷೆಗೆಂದು ನಾವೆಲ್ಲ ಹಾಗೆ ಮಾಡುವುದುಂಟು. ತೆಗೆಯಲು ಮರೆತೇಹೋಯಿತು, ನಕ್ಷೆ ಹಾಗೆಯೇ ಪ್ರಕಟವಾಯಿತು.

ಊಟ ಮುಗಿಸಿ ಕಚೇರಿಯ ಮೇಜಿಗೆ ಬಂದು ಕೂತರೆ ಮೌಸ್ ತಣ್ಣಗೆ ಕೊರೆಯುತ್ತಿತ್ತು, ಕೈಗೆ ತೇವ ಅಂಟಿತು. ಒರೆಸಿದೆ. ಮತ್ತೆ ತೇವ. ತುಟಿಗೆ ತಾಗಿದ ಬೆರಳು ಉಪ್ಪುಪ್ಪಾಗಿತ್ತು. ಅಷ್ಟರಲ್ಲಿ ಮಗಳ ಫೋನು.

"ಅಪ್ಪಾ, ಯಾರೋ ಅಜ್ಜಿ ಬಂದಿದ್ದಾರೆ. ಮೈಯೆಲ್ಲಾ ಒದ್ದೆ. ಟವೆಲ್ ಕೊಟ್ಟೆ, ಎಷ್ಟು ಒರೆಸ್ಕೊಂಡ್ರೂ ನೀರು ಇಳೀತಾನೇ ಇದೆ."

"ಗುರುತಿಲ್ಲದವರನ್ನ ಒಳಗೆ ಯಾಕೆ ಬಿಟ್ಟೆ?"

"'ನಿಮ್ಮಪ್ಪನೇ ವಿಳಾಸ ಕೊಟ್ಟಿದ್ದು' ಅಂದ್ರಪ್ಪ."

ನಕ್ಷೆಯಿಂದ ನಮ್ಮ ವಿಳಾಸ ಅಳಿಸಿ ಮನೆಗೆ ಓಡಿದೆ.

"ಈಗಷ್ಟೇ ರೂಮಿಗೆ ಹೋಗಿ ಮಲಗಿದ್ರು," ಎಂದಳು ಮಗಳು. ರೂಮಿನಲ್ಲಿ ಯಾರೂ ಇರಲಿಲ್ಲ. ಹಾಸಿಗೆ ಮಾತ್ರ ನೆನೆದು ತೊಪ್ಪೆಯಾಗಿತ್ತು.

ವಿಳಾಸವಿಲ್ಲದ ಚುಕ್ಕಿ ಸಮುದ್ರಕ್ಕೆ ಹೋಗಲೇಬೇಕು. ಇದು ಹೋಗಿಲ್ಲ, ಇವತ್ತಿಗೂ ನಮ್ಮ ಮನೆಯ ಮೇಲೇ ಇದೆ. ಹಾಸಿಗೆಯನ್ನು ಎಷ್ಟು ಬಿಸಿಲಿಗೆ ಹಾಕಿದರೂ ಒಣಗಿಲ್ಲ.